ಒಂದು ನಿಮಿಷದ ಕೆಲಸ

ನನ್ನ ಕೆಲಸ ಒಂದು ನಿಮಿಷದ್ದು. ಬಲೆ ಕಟ್ಟಿದ ಪಂಜರದೊಳಗೆ ಇಬ್ಬರು ಐದು ನಿಮಿಷ ಗುದ್ದಿ, ಒದ್ದು, ಒಬ್ಬರನ್ನೊಬ್ಬರು ಕೆಡವಿ ಹೊರಳಾಡುತ್ತಾರೆ. ಗಂಟೆ ಹೊಡೆದ ಮೇಲೆ ಸ್ಟೂಲಿನ ಮೇಲೆ ಕೂರುತ್ತಾರೆ. ಆ ಒಂದು ನಿಮಿಷದಲ್ಲಿ ನಾನು ಗಾಯ ಒತ್ತಿ, ಔಷಧದ ಹತ್ತಿ ಇಟ್ಟು, ವ್ಯಾಸಲೀನ್ ಮೆತ್ತಿ ರಕ್ತ ನಿಲ್ಲಿಸಬೇಕು. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಗಾಯ ಕಟ್ಟಿದ ಕೈ ಇದು. ಪಂಜರದ ಹತ್ತಿರ ಎಲ್ಲರೂ ನನ್ನನ್ನು ಅಕ್ಕ ಅನ್ನುತ್ತಾರೆ. ನಿಜವಾಗಿ ನಾನು ಅಕ್ಕನಾಗಿರುವುದು ಒಬ್ಬನಿಗೇ.

ಆ ತಮ್ಮ ಹುಟ್ಟಿದಾಗ ನನಗೆ ಹದಿನಾರು. ಅಮ್ಮ ಹೋದ ಮೇಲೆ ಸಾಕಿದವಳು ನಾನೇ. ಮದುವೆಗಿದುವೆ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಅವನು ಈ ಪಂಜರದ ಆಟಕ್ಕೆ, ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ಗೆ, ಇಳಿದಾಗ ಮೂರು ದಿನ ಮಾತು ಬಿಟ್ಟಿದ್ದೆ. ನಾಲ್ಕನೇ ದಿನ, ಇವನನ್ನು ಬೇರೆಯವರ ಕೈಗೆ ಕೊಡುವುದಕ್ಕಿಂತ ಪಂಜರದ ಮೂಲೆಯಲ್ಲಿ ನಾನೇ ನಿಲ್ಲುವುದು ವಾಸಿ ಅನ್ನಿಸಿತು. ಯಾರಾದರೂ ‘ಶೋ ಯಾವಾಗ?’ ಅಂದರೆ ಅವನಿಗೆ ಮೈಯೆಲ್ಲ ಉರಿ. “ಶೋ ಅಲ್ಲ, ಪಂದ್ಯ. ನಿಯಮ ಇದೆ, ರೆಫರಿ ಇದಾರೆ, ಡಾಕ್ಟ್ರು ಇದಾರೆ. ಇದು ಆಟ,” ಅನ್ನುತ್ತಿದ್ದ. ದೇವರ ಹೆಸರು ಹೇಳುವವರೂ ಅಷ್ಟು ಭಕ್ತಿಯಿಂದ ಹೇಳುವುದಿಲ್ಲ.

ಒಂದು ಮಧ್ಯಾಹ್ನ ಅವನದು ಮೂರು ಸುತ್ತಿನ ಪಂದ್ಯ. ಮೊದಲೆರಡೂ ಅವನವೇ. ಎರಡನೆಯದರ ಕೊನೆಗೆ ಎದುರಾಳಿಯ ಮೊಣಕೈ ಬಡಿದು ಎಡಗಣ್ಣಿನ ಮೇಲೆ ಸೀಳಿತು. ಔಷಧದ ಪೆಟ್ಟಿಗೆ ಹಿಡಿದು ಓಡುತ್ತಿದ್ದರೆ ಕಾರ್ಯಕ್ರಮದ ಮ್ಯಾನೇಜರ್ ಅಡ್ಡ ಬಂದ.

“ಅಕ್ಕಾ, ಪೂರ್ತಿ ಒರೆಸ್ಬೇಡಿ. ಸ್ವಲ್ಪ ರಕ್ತ ಇರ್ಲಿ, ಕ್ಯಾಮೆರಾಗೆ ಚೆನ್ನಾಗಿರತ್ತೆ. ಜನ ಬಂದಿರೋದೇ ಅದಕ್ಕೆ.”

“ರಕ್ತ ಬೇಕಾದ್ರೆ ನಿನ್ನ ಮೂಗಿಂದ ತೆಗೀಲಾ? ದಾರಿ ಬಿಡೋ!”

ಮೂಗಿನ ತುದಿಯಲ್ಲೇ ಕೋಪ ನನಗೆ, ಹುಟ್ಟುಗುಣ. ಕುದಿಯುತ್ತಲೇ ಒಳಗೆ ಹೋದೆ. ಒಂದು ಹನಿಯೂ ಕಾಣಬಾರದು, ಇವನಿಗೆ ತೋರಿಸುತ್ತೇನೆ ಅಂತ ಹಠ. ಒತ್ತಿದೆ, ತುಂಬಿದೆ, ಮೆತ್ತಿದೆ. ನಲವತ್ತು ಸೆಕೆಂಡಿಗೆ ತಮ್ಮನ ಮುಖ ತೊಳೆದಿಟ್ಟ ತಟ್ಟೆಯಂತಾಯಿತು. ಆದರೆ ಒತ್ತುವಾಗ ನೋಡಿದ್ದೆ. ಸೀಳು ಹುಬ್ಬಿನ ಕೆಳಗೆ ನಿಂತಿರಲಿಲ್ಲ. ರೆಪ್ಪೆಯ ಅಂಚನ್ನೇ ಹರಿದಿತ್ತು. ಅಂಚು ಹರಿದರೆ ಪಂದ್ಯ ಅಲ್ಲಿಗೇ ಮುಗಿಯಬೇಕು. ಅದನ್ನು ಡಾಕ್ಟರಿಗೆ ಹೇಳಬೇಕಾದವಳು ನಾನು.

ಡಾಕ್ಟರು ಟಾರ್ಚ್ ಹಿಡಿದು ಬಗ್ಗಿದರು. “ರೆಪ್ಪೆಗೆ ಹೋಗಿದ್ಯಾ?”

“ಇಲ್ಲ ಡಾಕ್ಟ್ರೇ, ಮೇಲಷ್ಟೇ.”

ಇನ್ನೈದು ನಿಮಿಷ, ಗೆದ್ದೇಬಿಡುತ್ತಾನೆ ಅನ್ನಿಸಿತ್ತು. ನನ್ನ ಕೈಕೆಲಸದ ಜಂಬವೂ ಇತ್ತು. ತಮ್ಮ ನನ್ನ ಮುಖ ನೋಡಿದ. ಅಕ್ಕ ಹೇಳಿದಳಲ್ಲ ಅಂತ ಎದ್ದು ನಿಂತ.

ಗೆದ್ದ. ಅದೇ ಕಣ್ಣಿಗೆ ಇನ್ನೂ ಎರಡು ಏಟು ತಿಂದು ಗೆದ್ದ. ಕಣ್ಣು ಹೋಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅನ್ನುತ್ತಾರೆ. ನಾನು ಕಳೆದದ್ದು ನನ್ನ ಮೂಗನ್ನಾದರೂ ಅಲ್ಲ.

ಒಂದು ಕಣ್ಣಿನವರಿಗೆ ಪಂದ್ಯಕ್ಕೆ ಪರವಾನಗಿ ಇಲ್ಲ. ಅವನು ಬೇರೆ ಊರಿನಲ್ಲಿ ಮಕ್ಕಳಿಗೆ ಇದೇ ಆಟ ಕಲಿಸುವ ಕೆಲಸ ಹಿಡಿದ. ಹೋಗಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅವನೆದುರು ಕೂತು ಊಟ ಮಾಡುವುದೇ ಕಷ್ಟವಾಗಿತ್ತು. ಎರಡು ಕೋಣೆಯ ಮನೆಯಲ್ಲಿ ಈಗ ನಾನೊಬ್ಬಳೇ. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆಯುವವರಿಲ್ಲ. ಬೈಯಲು ಒಬ್ಬರೂ ಇಲ್ಲದ ಮನೆಯೂ ಒಂದು ಮನೆಯೇ? ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದೆ. “ನಿನ್ನ ತಪ್ಪೇನಿಲ್ಲ ಅಕ್ಕ. ಎಲ್ಲ ಸರಿಯಾಗೇ ನಡೀತು. ಆಟ ಅಂದ್ಮೇಲೆ ಒಂದೊಂದ್ಸಲ ಹಿಂಗಾಗತ್ತೆ,” ಅನ್ನುತ್ತಿದ್ದ. ಫೋನ್ ಇಟ್ಟ ಮೇಲೆ ನಾನು ಅಳುತ್ತಿದ್ದೆ.

ಹೋದ ತಿಂಗಳು ಕ್ರೀಡಾ ಸಂಘದವರು ಕರೆದರು. ಇದು ಬರಿ ಮನರಂಜನೆಯಲ್ಲ, ಸುರಕ್ಷಿತ ಕ್ರೀಡೆ ಅಂತ ಸರ್ಕಾರಕ್ಕೆ ತೋರಿಸಬೇಕಂತೆ. ಅದಕ್ಕೆ ಗಾಯ ನೋಡಿಕೊಳ್ಳುವವರಿಗೆ ತರಬೇತಿ, ನಾನೇ ಕಲಿಸಬೇಕಂತೆ. ಹೋದರೆ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಅದೇ ನಿಮಿಷ. ಮಾದರಿ ಕೆಲಸ ಅಂತ ಅದನ್ನೇ ಆರಿಸಿದ್ದರು! ಹನ್ನೆರಡು ಜನ ಬರೆದುಕೊಳ್ಳುತ್ತಿದ್ದರು. ಮುಂದಿನ ಸಾಲಿನ ನರ್ಸ್ ಒಬ್ಬಳು ಕೈ ಎತ್ತಿದಳು.

“ಮೇಡಂ, ಸ್ವಲ್ಪ ಹಿಂದೆ ಹೋಗ್ತೀರಾ? ರೆಪ್ಪೆ ಅಂಚು ಹರಿದಂಗೆ ಕಾಣತ್ತಲ್ಲ?”

ಸುಮ್ಮನೆ ಕೂರು ಅಂತ ಗದರಬಹುದಿತ್ತು. ಗದರಲಿಲ್ಲ.

“ಹರಿದಿತ್ತು. ನಂಗೆ ಗೊತ್ತಿತ್ತು. ಡಾಕ್ಟ್ರಿಗೆ ಸುಳ್ಳು ಹೇಳ್ದೆ,” ಅಂದೆ. ಬರೆಯುತ್ತಿದ್ದವರೆಲ್ಲ ತಲೆ ಎತ್ತಿದರು.

ಈ ಸುದ್ದಿ ಬೇರೆಯವರ ಬಾಯಿಂದ ತಮ್ಮನಿಗೆ ಮುಟ್ಟಬಾರದು ಅನ್ನಿಸಿತು. ಹೊರಗೆ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆಯಿಂದ ಮಕ್ಕಳು ಮ್ಯಾಟಿನ ಮೇಲೆ ಬೀಳುವ ಸದ್ದು ಕೇಳುತ್ತಿತ್ತು.

“ಬೈಯೋ,” ಅಂದೆ. “ಬಾಯಿಗೆ ಬಂದಂಗೆ ಬೈಯೋ, ದಮ್ಮಯ್ಯ ಅಂತೀನಿ.”

ಅವನು ಬೈಯಲಿಲ್ಲ. “ಅಕ್ಕ, ಇಲ್ಲಿಗೆ ಬರೋ ಅಪ್ಪ ಅಮ್ಮಂದ್ರೆಲ್ಲ ಮೊದ್ಲು ನೋಡೋದೇ ನನ್ನ ಕಣ್ಣು. ಇದು ಆಟಾನಾ, ಕಟುಕರ ಕೆಲಸಾನಾ ಅಂತ ಕೇಳ್ತಾರೆ. ಎಲ್ರೂ ಅವರವರ ಕೆಲಸ ಸರಿಯಾಗಿ ಮಾಡಿದ್ರು, ಆದ್ರೂ ಹೋಯ್ತು, ಆಟ ಅಂದ್ರೆ ಹಾಗೇನೇ ಅಂತ ಹೇಳ್ತಿದ್ದೆ. ನಂಗೆ ನಾನೂ ಅದನ್ನೇ ಹೇಳ್ಕೊಂಡು ಮಲಗ್ತಿದ್ದೆ.” ಅವನ ದನಿ ಸಣ್ಣಗಾಯಿತು. “ಈಗ ಏನಂತ ಹೇಳ್ಲಿ?”

ಅಲ್ಲಿ ಯಾವುದೋ ಮಗು ‘ಸರ್’ ಅಂತ ಕೂಗಿತು, ಅವನು ಫೋನ್ ಇಟ್ಟುಬಿಟ್ಟ. ಆಮೇಲೆ ನಾಲ್ಕು ಭಾನುವಾರ ಆಯಿತು. ಫೋನ್ ಹೊಡೆದುಕೊಳ್ಳುತ್ತದೆ, ಅವನು ಎತ್ತುವುದಿಲ್ಲ.