ಮುಳುಗಿಸಲೆಂದು ತೊಳೆದ ಹಡಗು

ಹಡಗನ್ನು ಸಮುದ್ರದಲ್ಲಿ ಮುಳುಗಿಸುತ್ತಾರೆಂಬ ಸುದ್ದಿಯನ್ನು ಮನೆಗೆ ತಂದವಳು ಮಗಳೇ. ಡೈವಿಂಗ್ ಕಲಿಸುವುದು ಅವಳ ಉದ್ಯೋಗ. ಅಪ್ಪ ಅದೇ ಹಡಗಿನ ಎಂಜಿನ್ ಮೇಸ್ತ್ರಿಯಾಗಿ ದುಡಿದು, ಅದರ ಜೊತೆಗೇ ನಿವೃತ್ತನಾಗಿದ್ದ.

“ಗುಜರಿಗೆ ಹಾಕೋದಕ್ಕಿಂತ ಒಳ್ಳೇದಲ್ವಾ ಅಪ್ಪ? ತಳದಲ್ಲಿ ಕೂತ್ರೆ ಅದರ ಮೇಲೆ ಹವಳ ಬೆಳೆಯುತ್ತೆ, ಮೀನು ಸೇರ್ಕೊಳ್ತವೆ. ನಮ್ಮಂಥೋರು ಇಳಿದು ನೋಡ್ಬಹುದು.”

ಮೇಸ್ತ್ರಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅದು ಮುಳುಗಬಾರ್ದು ಅಂತ ಜೀವಮಾನ ಇಡೀ ಒದ್ದಾಡಿದೀನಿ. ಈಗ ನನ್ನ ಮಗಳೇ ಮುಳುಗಿಸ್ತಾಳಂತೆ.”

“ಹೋಗ್ಲಿ ಬಿಡ್ರೀ,” ಎಂದಳು ಹೆಂಡತಿ. “ನನ್ನ ಸವತಿ ಕಾಟ ಕೊನೆಗೂ ತಪ್ಪಿತು.”

ಆದರೆ ಮೊದಲು ಹಡಗನ್ನು ಶುಚಿ ಮಾಡಬೇಕಿತ್ತು; ಆ ಕೆಲಸಕ್ಕೆ ಮಗಳೂ ಸೇರಿಕೊಂಡಳು. ಎಣ್ಣೆಯ ಹನಿಯೂ ನೀರಿಗೆ ಸೇರುವಂತಿಲ್ಲ. ಇಳಿದವರ ಕಾಲಿಗೆ ತೊಡರುವ ತಂತಿ, ಹಿಂದೆ ಮುಚ್ಚಿಕೊಳ್ಳುವ ಬಾಗಿಲು ಯಾವುದೂ ಇರಬಾರದು. ಮಗಳು ದಿನವೂ ಮೈತುಂಬ ಮಸಿ ಮಾಡಿಕೊಂಡು ಬರುವುದನ್ನು ನೋಡಿ ಮೇಸ್ತ್ರಿಗೆ ಕೈಕಟ್ಟಿ ಕೂರಲಾಗಲಿಲ್ಲ. ಒಂದು ಬೆಳಗ್ಗೆ ಹಳೆಯ ಅಂಗಿ ತೊಟ್ಟು ಅವಳ ಹಿಂದೆಯೇ ಹೊರಟ.

ಎಂಜಿನ್ ಕೋಣೆಯಲ್ಲಿ ಅಪ್ಪ, ಮಗಳು ಎದುರುಬದುರು ಕುಳಿತು ಪೈಪುಗಳ ಗ್ರೀಸು ಕೆರೆದರು. ಅವಳು ಚಿಕ್ಕವಳಿದ್ದಾಗ ಅಪ್ಪ ಮನೆಯಲ್ಲಿ ಸಿಕ್ಕುತ್ತಿದ್ದುದೇ ಅಪರೂಪ.

“ಇಲ್ಲಿ ಎಲ್ಲಪ್ಪಾ ಮಲಗ್ತಿದ್ದೆ?”

ಅವನು ಏಣಿಯ ಹಿಂದಿನ ಮೂಲೆ ತೋರಿಸಿದ. ಅಲ್ಲಿ ಗೋಡೆಯ ಮೇಲೆ ಮೊಳೆಯಿಂದ ಗೀಚಿದ ಅಡ್ಡಗೆರೆಗಳಿದ್ದವು, ಒಂದಕ್ಕಿಂತ ಒಂದು ಮೇಲೆ.

“ಇದೇನು?”

“ನೀನು.” ಮೇಸ್ತ್ರಿ ಕತ್ತು ಕೆರೆದುಕೊಂಡ. “ಮನೆಗೆ ಬಂದಾಗ ಪಕ್ಕ ನಿಲ್ಲಿಸ್ಕೊಂಡು ನೋಡ್ತಿದ್ದೆ. ಮೊಣಕಾಲಿಗೆ ಬಂದೆಯಾ, ಸೊಂಟಕ್ಕೆ ಬಂದೆಯಾ ಅಂತ. ವಾಪಸ್ ಬಂದು ಇಲ್ಲಿ ಗೆರೆ ಎಳೀತಿದ್ದೆ.”

ಮಗಳು ಗೆರೆಗಳ ಮೇಲೆ ಬೆರಳಾಡಿಸಿದಳು. “ಈ ತಗಡು ಕತ್ತರಿಸಿ ಮನೆಗೆ ಒಯ್ಯೋಣ್ವಾ?”

“ಬೇಡ. ನೀನೇ ಮನೇಲಿದ್ದೀಯಲ್ಲ.”

ಮುಳುಗಿಸುವ ದಿನ ಮೂವರೂ ದೂರದ ದೋಣಿಯಲ್ಲಿ ಕುಳಿತು ನೋಡಿದರು. ಒಳಗೆ ನೀರು ಬಿಟ್ಟರೂ ಹಡಗು ಬಹಳ ಹೊತ್ತು ಹಟ ಹಿಡಿದು ನಿಂತಿತು. ಆಮೇಲೆ ಹಿಂಭಾಗ ತಗ್ಗಿ, ಮೂತಿ ಒಮ್ಮೆ ಆಕಾಶಕ್ಕೆ ಎದ್ದು, ಸರ್ರನೆ ಇಳಿದುಹೋಯಿತು. ಉಳಿದದ್ದು ನೊರೆ ಮಾತ್ರ. ಬಿಕ್ಕಿದವಳು ಹೆಂಡತಿ.

“ನಿನಗೇನಾಯ್ತೇ?” ಮೇಸ್ತ್ರಿ ಗಾಬರಿಯಾದ.

“ಇಷ್ಟು ವರ್ಷ ಅನ್ನ ಹಾಕಿದ್ದು ಅದೇ ತಾನೇ,” ಎಂದು ಅವಳು ಮೂಗು ಒರೆಸಿಕೊಂಡಳು. ಅವನು ಅವಳ ಕೈ ಹಿಡಿದುಕೊಂಡು, ದಡ ಮುಟ್ಟುವವರೆಗೂ ಬಿಡಲಿಲ್ಲ.

ಮರುವರ್ಷ ಮೇಸ್ತ್ರಿ ಮಗಳ ಶಿಷ್ಯನಾದ. ಈಜುಕೊಳದಲ್ಲಿ ಚಿಳ್ಳೆಪಿಳ್ಳೆಗಳ ನಡುವೆ ಮೂಗಿಗೆ ನೀರು ನುಗ್ಗಿಸಿಕೊಂಡು, ಬೈಸಿಕೊಂಡು, ಅಂತೂ ಕಲಿತ. ಸಮುದ್ರ ತಿಳಿಯಾಗಿದ್ದ ಒಂದು ದಿನ ಇಬ್ಬರೂ ಕೈಹಿಡಿದು ಹಡಗಿನ ಬಳಿಗೆ ಇಳಿದರು. ಎಂಜಿನ್ ಕೋಣೆಯ ಕಿಂಡಿಯಲ್ಲಿ ದಪ್ಪ ತುಟಿಯ ಮೀನೊಂದು ಅಡ್ಡ ನಿಂತು, ನೀನ್ಯಾರಯ್ಯಾ ಎನ್ನುವಂತೆ ಅವನನ್ನು ದಿಟ್ಟಿಸಿತು. ಮೇಸ್ತ್ರಿಗೆ ನಗು ಬಂತು. ನಕ್ಕಿದ್ದೇ ತಡ, ಡೈವಿಂಗ್ ಕನ್ನಡಕದೊಳಗೆ ನೀರು ತುಂಬಿತು. ಮಗಳು ಅವನ ತೋಳು ಹಿಡಿದು ಮೆಲ್ಲಮೆಲ್ಲನೆ ಮೇಲೆ ತಂದಳು.

“ನಾಳೆ ಮತ್ತೆ ಬರೋಣ್ವಾ?” ಕೆಮ್ಮುತ್ತಲೇ ಕೇಳಿದ.

“ನಾಳೆ ಬೇರೆಯವರಿಗೆ ಪಾಠ ಇದೆ.”

“ಹಾಗಾದ್ರೆ ನಾಡಿದ್ದು.”

“ಮೊದಲು ಸರಿಯಾಗಿ ಉಸಿರಾಡಪ್ಪ,” ಎಂದಳು ಮಗಳು.