ಚಂದ್ರಿಯ ಹೊಟ್ಟೆಗೆ ಸಾಮಿಲ್ಲಿನ ಬೆಲ್ಟು

ಚಂದ್ರಿ ಕರು ಹಾಕಿ ಎರಡು ದಿನವಾಗಿತ್ತು. ಬಿದ್ದಲ್ಲಿಂದ ಎದ್ದಿರಲಿಲ್ಲ. ಬೂದಿಕೋಟೆಯಿಂದ ಬಂದ ದನದ ಡಾಕ್ಟರು ಸುಣ್ಣದಂಶದ ಬಾಟಲಿ ಏರಿಸಿ, "ಔಷಧಿ ಹಿಡಿದಿದೆ ಕಣಮ್ಮ. ಆದ್ರೆ ಸಂಜೆಯೊಳಗೆ ಇದು ಕಾಲೂರಬೇಕು. ಮಲಗಿದಷ್ಟೂ ತೊಡೆ ಸಾಯ್ತದೆ, ತೊಡೆ ಸತ್ರೆ ಹಸು ಹೋದಂಗೆ" ಎಂದು ಹೇಳಿ ಹೋಗಿದ್ದರು.

ಮುನಿರತ್ನಮ್ಮ ಆ ಹಸುವನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದವಳು. ಬೆಳಿಗ್ಗೆ ಆರು ಜನ ಸೇರಿ, ಹೊಟ್ಟೆ ಕೆಳಗೆ ಗೋಣಿ ತೂರಿಸಿ, ಬಿದಿರು ಕೊಟ್ಟು ಎತ್ತಿ ನೋಡಿದ್ದರು. ಸೀಮೆಹಸು, ಐನೂರು ಕೆಜಿ ಮೈ. ಎತ್ತುವುದೇನೋ ಎತ್ತಿದರು, ಹಿಡಿದು ನಿಲ್ಲಲು ಆಗಲಿಲ್ಲ. ಗೋಣಿ ಹರಿಯಿತು. ಚಂದ್ರಿ ಕುಸಿದು, ಕತ್ತನ್ನು ಪಕ್ಕೆಗೆ ಮಡಚಿಕೊಂಡು ಕಣ್ಣು ಮುಚ್ಚಿತು.

ಆಗ ಗಂಡ ಮುನಿಸ್ವಾಮಪ್ಪ ಕುಪ್ಪುಸ್ವಾಮಿಗೆ ಫೋನ್ ಮಾಡಿದ. ಕುಪ್ಪುಸ್ವಾಮಿ ಚಾಂಪಿಯನ್ ರೀಫ್ಸಿನವನು. ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿ ಆಳುಗಳನ್ನು ಕೆಳಗಿಳಿಸಿ ಮೇಲೆತ್ತುವ ಕೆಲಸದಲ್ಲಿದ್ದು, ಆಮೇಲೆ ಬಂಗಾರಪೇಟೆಯ ಸಾಮಿಲ್ಲಿನಲ್ಲಿ ಮುನಿಸ್ವಾಮಪ್ಪನ ಜೊತೆ ಮರ ಕುಯ್ದವನು. ಆ ಮಿಲ್ಲೂ ಮುಚ್ಚಿತು. ಮೆಷಿನ್ನು ಗುಜರಿಗೆ ಹೋದ ಮೇಲೆ ಯಾರಿಗೂ ಬೇಡವಾಗಿ ಉಳಿದ ತುಂಡುಗಳನ್ನು ಮುನಿಸ್ವಾಮಪ್ಪ ತಂದು ಹಿತ್ತಿಲಲ್ಲಿ ಗುಡ್ಡೆ ಹಾಕಿದ್ದ. ಮುನಿರತ್ನಮ್ಮ ಆ ಗುಡ್ಡೆಯನ್ನು ಕರೆಯುತ್ತಿದ್ದದ್ದು 'ನಿನ್ನ ಎರಡನೇ ಹೆಂಡ್ತಿ' ಎಂದು.

ಮಧ್ಯಾಹ್ನದ ಬಸ್ಸಿಗೆ ಬಂದ ಕುಪ್ಪುಸ್ವಾಮಿ ನೇರವಾಗಿ ಹೋಗಿ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಣ್ಣಾ, ಅಸು ಮಲಗಿರೋದು ಆ ಕಡೆ," ಎಂದಳು ಮುನಿರತ್ನಮ್ಮ.

"ಮಾಡು ಎಲ್ಲೂ ಪೋಗಾದು ತಂಗಚ್ಚಿ," ಎಂದ ಅವನು. ಅವನ ತಮಿಳಿನಲ್ಲಿ ಮಾಡು ಎಂದರೆ ಹಸು, ಪೋಗಾದು ಎಂದರೆ ಹೋಗುವುದಿಲ್ಲ. "ಮೊದ್ಲು ಸಾಮಾನು ನೋಡೋಣ."

ದಿಮ್ಮಿ ಹೊತ್ತ ಗಾಡಿ ಓಡುತ್ತಿದ್ದ ಕಂಬಿಯ ಮೂರು ತುಂಡು ತೆಗೆದು, ತಲೆ ಕಟ್ಟಿ, ಮುಕ್ಕಾಲಿಯಂತೆ ನಿಲ್ಲಿಸಿದರು. ದಿಮ್ಮಿ ಎಳೆಯುತ್ತಿದ್ದ ಕೈರಾಟೆಯನ್ನು ಅದರ ಉಕ್ಕಿನ ಹಗ್ಗದ ಸಮೇತ ಒಂದು ಕಾಲಿಗೆ ಬಿಗಿದರು. ಅದರ ಹಲ್ಲುಚಕ್ರಕ್ಕೆ ಒಂದು ಕಬ್ಬಿಣದ ನಾಲಗೆ ಬೀಳುತ್ತದೆ. ಕೈ ಬಿಟ್ಟರೂ ಭಾರ ಜಾರುವುದಿಲ್ಲ. ಮೋಟರಿನಿಂದ ಗರಗಸದ ಚಕ್ರಕ್ಕೆ ಹಾಕುತ್ತಿದ್ದ ಅಗಲದ ಬೆಲ್ಟನ್ನು ಎರಡು ತುಂಡು ಮಾಡಿ, ಮುಕ್ಕಾಲಿಯ ತಲೆಯ ಮೇಲಿಂದ ಹಾದು ಬಂದ ಹಗ್ಗದ ತುದಿಗೆ ತೊಟ್ಟಿಲಂತೆ ಕಟ್ಟಿ ಇಳಿಬಿಟ್ಟರು.

"ಗಣೀಲಿ ಆಳು ಇಳಿಯೋಕೆ ಮುಂಚೆ ಖಾಲಿ ಕೇಜು ಒಂದ್ಸಲ ಓಗಿ ಬರಬೇಕು," ಎಂದು ಕುಪ್ಪುಸ್ವಾಮಿ ಬೆಲ್ಟಿನೊಳಗೆ ಬೂಸಾದ ಮೂಟೆಗಳನ್ನು ಪೇರಿಸಿ, ಮೇಲೆ ತಾನೂ ಹತ್ತಿ ಕೂತ. ಮುನಿಸ್ವಾಮಪ್ಪ ಹಿಡಿ ತಿರುಗಿಸಿದ.

"ಉತ್ಸವಮೂರ್ತಿ ಕಣಣ್ಣಾ ನೀನು, ಊವಿನ ಆರ ಒಂದು ಕಮ್ಮಿ!" ಎಂದ.

ಎರಡು ದಿನದಲ್ಲಿ ಮೊದಲ ಸಲ ಮುನಿರತ್ನಮ್ಮನಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. ಹೊತ್ತು ಇಳಿಯುತ್ತಿತ್ತು.

ಮುಕ್ಕಾಲಿಯನ್ನು ಹೊತ್ತು ತಂದು ಹಸುವಿನ ಮೇಲೆ ನಿಲ್ಲಿಸಿದರು. ಒಂದು ಬೆಲ್ಟು ಮುಂಗಾಲ ಹಿಂದೆ, ಇನ್ನೊಂದು ಕೆಚ್ಚಲ ಮುಂದೆ. ಈ ಸಲ ಕುಪ್ಪುಸ್ವಾಮಿಯೇ ಹಿಡಿ ಹಿಡಿದ. ಟಕ್, ಟಕ್ ಎಂದು ನಾಲಗೆ ಹಲ್ಲಿನಿಂದ ಹಲ್ಲಿಗೆ ಬಿತ್ತು. ಆರು ಗಂಡಸರಿಗೆ ಬಗ್ಗದ ಮೈ ಒಬ್ಬ ಮುದುಕನ ಕೈಗೆ ಬೆರಳು ಬೆರಳಷ್ಟೇ ಮೇಲೆದ್ದಿತು. ಆದರೆ ಹಿಂಗಾಲುಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ಗೊರಸು ಆಗಷ್ಟೇ ನೆಲ ಸವರುತ್ತಿತ್ತು.

"ಇನ್ನು ನಾಕು ಸುತ್ತು. ಪೂರಾ ಎತ್ತಿ, ಆಮೇಲೆ ಕಾಲು ನೇರ ಮಾಡಾಣ," ಎಂದ ಕುಪ್ಪುಸ್ವಾಮಿ.

ಮುನಿರತ್ನಮ್ಮನಿಗೆ ತಡೆಯಲಾಗಲಿಲ್ಲ. ಹಸುವಿನ ಹಣೆಗೆ ಹಣೆ ಕೊಟ್ಟು ಕೂಗಿಬಿಟ್ಟಳು: "ನಿಲ್ಲೇ! ನಿಲ್ಲು ನನ್ನವ್ವ, ನಿಲ್ಲು!"

ಹಿಡಿ ತಟ್ಟನೆ ನಿಂತಿತು.

"ನಿಂಗಲ್ಲ ಅಣ್ಣಾ, ಅಸೂಗೆ ಅಂದಿದ್ದು!"

"ನಿಲ್ಲು ಅಂದ್ರೆ ನಿಲ್ಲು. ಯಾರು ಅಂದ್ರು, ಯಾರಿಗೆ ಅಂದ್ರು ಅಂತ ಗಣೀಲಿ ಕೇಳೋಂಗಿಲ್ಲ." ಬೈದುಕೊಂಡೇ ಅವನು ಮತ್ತೆ ಹಿಡಿಗೆ ಕೈ ಹಾಕಿದ.

"ತಡಿ," ಎಂದ ಮುನಿಸ್ವಾಮಪ್ಪ. "ಮುಟ್ಟಬ್ಯಾಡ. ಕಾಲು ನೋಡು."

ಭಾರವೆಲ್ಲ ಬೆಲ್ಟಿನಲ್ಲಿತ್ತು, ಗೊರಸಿಗೆ ನೆಲ ತಾಕುತ್ತಿತ್ತು ಅಷ್ಟೇ. ಇನ್ನು ಒಂದು ಸುತ್ತು ತಿರುಗಿದ್ದರೂ ಕಾಲಿಗೆ ನೆಲ ಸಿಗುತ್ತಿರಲಿಲ್ಲ. ಎಡತೊಡೆಯಲ್ಲಿ ಒಂದು ನಡುಕ ಹುಟ್ಟಿ ಬೆನ್ನಿನವರೆಗೂ ಓಡಿತು. ಗೊರಸು ಮಣ್ಣನ್ನು ಒಮ್ಮೆ ಕೆರೆದು, ಹುಡುಕಿ, ಊರಿತು. ಆಮೇಲೆ ಬಲಗಾಲು. ಬೆನ್ನು ಕಮಾನಾಗಿ ಏರಿತು. ಬಿಗಿದ ಉಕ್ಕಿನ ಹಗ್ಗ ಮೆಲ್ಲಗೆ ಸಡಿಲಾಗಿ ಬಳುಕಿತು. ಚಂದ್ರಿ ಬಾಲವೆತ್ತಿ ಧಾರೆಯಾಗಿ ಗಂಜಲ ಸುರಿಸಿತು.

"ತಿರುಗಿಸ್ಲಾ?" ಎಂದು ಕುಪ್ಪುಸ್ವಾಮಿ ಪಿಸುಗುಟ್ಟಿದ.

ಮುನಿರತ್ನಮ್ಮ ಬೇಡವೆಂದು ತಲೆಯಾಡಿಸಿ, ಬಗ್ಗಿ, ಹಸುವಿನ ಹೊಟ್ಟೆಗೂ ಬೆಲ್ಟಿಗೂ ನಡುವೆ ಅಂಗೈ ತೂರಿಸಿದಳು. ಕೈ ಸಲೀಸಾಗಿ ಆಚೆ ಬಂತು.