ಓಜೆಲ್ಲಾ ನೋಡದ ಕಾಲು

ವರ್ನೀಟಾ ತಟ್ಟೆ ಹಿಡಿದು ಮೂರನೆಯ ಮೇಜಿಗೆ ಎದ್ದು ಹೋದಳು. ವಾಸನೆ ಅಲ್ಲಿಗೂ ಬಂತು.

"ನೆಲದಡಿ ಇಲಿ ಸತ್ತಿರ್ಬೇಕು," ಎಂದರು ಪಾಸ್ಟರ್, ಕರಿದ ಕೋಳಿಯ ಕಾಲು ಕಚ್ಚುತ್ತ.

"ಇಲಿ ಅಲ್ಲ ಪಾಸ್ಟರೇ, ಹೆಗ್ಗಣ," ಎಂದಳು ಹ್ಯಾಟಿ ಅತ್ತೆ. ಅವಳ ಬೀಸಣಿಗೆ ಒಂದು ಕ್ಷಣವೂ ನಿಂತಿರಲಿಲ್ಲ. "ಹೋದ್ವರ್ಷಾನೂ ಹೀಗೇ ಆಗಿತ್ತು."

ವರ್ನೀಟಾಳ ತಾಯಿ ಓಜೆಲ್ಲಾಳನ್ನು ಮಣ್ಣು ಮಾಡಿ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಜಾರ್ಜಿಯಾದ ಜುಲೈ ಸೆಕೆ. ಚರ್ಚಿನ ಹಿಂದಿನ ಹಾಲ್‌ನಲ್ಲಿ ಎಂಬತ್ತು ಜನ ಬೆವರುತ್ತ ಉಣ್ಣುತ್ತಿದ್ದರು. ಉಪದೇಶದಲ್ಲಿ ಪಾಸ್ಟರು ಓಜೆಲ್ಲಾ "ಸಾವಿರಾರು ಪಾದಗಳ ಸೇವಕಿ" ಎಂದಿದ್ದರು. ಕೀವು ಎಂಬ ಮಾತನ್ನು ಅವರು ಎತ್ತಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಚಿಕಿತ್ಸಾಲಯದಲ್ಲಿ ಕಾಲಿನ ಹುಣ್ಣು ತೊಳೆದ ನರ್ಸಿನ ಮನೆಯಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಊಟದ ನಡುವೆ ಫೋನ್ ಬಂದರೆ ಅಮ್ಮ ಅಲ್ಲಿಂದಲೇ ಕೂಗುತ್ತಿದ್ದಳು: "ಸಿಹಿ ಕೊಳೆತ ವಾಸ್ನೆ ಬಂದ್ರೆ ಈ ವಾರ ಬಾ. ಇಲಿ ಸತ್ತ ವಾಸ್ನೆ ಬಂದ್ರೆ ಈಗ್ಲೇ ಬಾ!" ದೇಹದ ಇನ್ನೊಂದು ತುದಿಯೇ ಬೇಕೆಂದು ವರ್ನೀಟಾ ಕೂದಲು ಕತ್ತರಿಸುವ ಕಸುಬು ಹಿಡಿದಿದ್ದಳು.

ವಾಸನೆ ಓಡಾಡುತ್ತಿತ್ತು. ಕ್ಲೀಫಸ್ ಮಾಮ ಹೋದ ಕಡೆಗೆಲ್ಲ ಅದೂ ಹೋಗುತ್ತಿತ್ತು. ಅವನು ಓಜೆಲ್ಲಾಳ ತಮ್ಮ, ಹ್ಯಾಟಿಯ ಗಂಡ, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯವನು. ಅಕ್ಕನ ಶವಪೆಟ್ಟಿಗೆಗೆ ಮುಂದಿನಿಂದ ಕೈ ಕೊಟ್ಟವನೂ ಅವನೇ. ಈ ದಿನಕ್ಕೆಂದೇ ಕೊಂಡ ಕರಿ ಷೂ ಫಳಫಳ ಎನ್ನುತ್ತಿತ್ತು. ನಡಿಗೆಯಲ್ಲಿ ಒಂದಿಷ್ಟೂ ಕುಂಟಿಲ್ಲ. ವರ್ನೀಟಾ ತಟ್ಟೆ ಕೆಳಗಿಟ್ಟದ್ದು ಅದನ್ನು ಕಂಡೇ.

*

ಆ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುತ್ತಾರೆ, ಗಂಡಸರು ಆ ಬದಿ, ಹೆಂಗಸರು ಈ ಬದಿ. ಅಹಂಕಾರ ಕಳೆಯಲಿ ಎಂದು. ಹಿಂದಿನ ರಾತ್ರಿಯೇ ಎಲ್ಲರೂ ಮನೆಯಲ್ಲಿ ತಿಕ್ಕಿ ತಿಕ್ಕಿ ತೊಳೆದುಕೊಂಡು ಬರುತ್ತಿದ್ದರು. ಕೊಳಕು ಕಾಲು ಚಾಚುವಷ್ಟು ಯಾರ ಅಹಂಕಾರವೂ ಕಳೆದಿರಲಿಲ್ಲ.

ಮಿಕ್ಕವರು ಕಣ್ಣು ಮುಚ್ಚಿ ಹಾಡುವಾಗ ಓಜೆಲ್ಲಾ ಎದುರಿನವರ ಕಾಲ್ಬೆರಳ ಸಂದಿ ಬಿಡಿಸಿ ಇಣುಕುತ್ತಿದ್ದಳು. ಹನ್ನೊಂದು ವರ್ಷದ ವರ್ನೀಟಾ ಟವೆಲ್ ಹಿಡಿದು ನಿಂತಿದ್ದಾಗ ಒಮ್ಮೆ ಅಮ್ಮ ಒಬ್ಬ ಮುದುಕಿಯ ಅಂಗಾಲಿನ ಆಣಿಯನ್ನು ಒತ್ತಿದಳು. ಕೀವು ಚಿಮ್ಮಿ ಬೋಗುಣಿಗೆ ಬಿತ್ತು. ಮುದುಕಿ ಹಾಡುತ್ತಲೇ ಇದ್ದಳು.

ಸಂಜೆ ಅಮ್ಮ ಬನ್ನಿಗೆ ಬೆರಳು ತೂರಿಸಿ ಒಳಗೆ ಸುತ್ತ ತಿರುವಿದಳು. "ನೋಡು, ಮೇಲೆ ತೂತು ಇಷ್ಟೇ. ಒಳಗೆ ಗವಿ! ಸತ್ತ ಚರ್ಮ ಕೆತ್ತಿ ತೆಗೀಬೇಕು, ಆ ಕಾಲ್ಮೇಲೆ ಭಾರ ಬಿಡಬಾರ್ದು. ದಿನಾ ಕನ್ನಡಿ ಇಟ್ಕೊಂಡು ಅಂಗಾಲು ನೋಡ್ಕೊಂಡಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ. ತಿನ್ನು, ಯಾಕೆ ಬಿಟ್ಟೆ?"

ಗಂಡಸರ ಬದಿ ಮಾತ್ರ ಅವಳ ಕೈಗೆ ಎಟುಕಲಿಲ್ಲ. ತಮ್ಮನನ್ನು ಮನೆಗೇ ಹೋಗಿ ಕೇಳಿದಳು.

"ತೋರ್ಸೋ."

"ನೋವೇ ಇಲ್ವಲ್ಲಕ್ಕ."

"ನೋವಿಲ್ದಿರೋದೇ ರೋಗ ಕಣೋ, ಕತ್ತೆ."

ಅವನು ನಕ್ಕು ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡ. ಅವರ ದೊಡ್ಡಣ್ಣ ಓಜೆಲ್ಲಾಳಿಗೆ ಕಾಲು ತೋರಿಸಿದ ವಾರವೇ ಆಸ್ಪತ್ರೆಯಲ್ಲಿ ಅದನ್ನು ಮೊಣಕಾಲಿಗೆ ಕತ್ತರಿಸಿದ್ದರು. ಕಾಲು ಹೋಗುವುದು ಹುಣ್ಣಿನಿಂದಲ್ಲ, ಅಕ್ಕ ನೋಡುವುದರಿಂದ ಎಂದು ಕ್ಲೀಫಸ್ ಅಂದೇ ತೀರ್ಮಾನಿಸಿಬಿಟ್ಟಿದ್ದ.

*

"ಮಾಮ, ಷೂ ಬಿಚ್ಚು."

ಹಾಲ್‌ನಲ್ಲಿ ಚಮಚಗಳ ಸದ್ದು ನಿಂತಿತು.

"ಉಣ್ಣೋ ಹೊತ್ತಲ್ಲಿ ಏನೇ ಇದು? ಅಕ್ಕನ್ನ ಹೂತು ಬಂದ್ವಿ ಅಂದ್ಕೊಂಡ್ರೆ ನೀನು ಶುರು ಮಾಡ್ದಾ?"

"ನಾಳೆ ತೋರಿಸ್ತಾರಮ್ಮ," ಎಂದಳು ಹ್ಯಾಟಿ. "ಇಷ್ಟು ಜನರ ಮುಂದೆ ಬೇಡ."

"ನಾಳೆ ನೀನು ಬಾಗಿಲೇ ತೆಗಿಯಲ್ಲ ಅತ್ತೆ. ಎಷ್ಟು ದಿನ ಆಯ್ತು ಈ ವಾಸ್ನೆ?"

ಬೀಸಣಿಗೆ ನಿಂತಿತು. "ಮೂರು ವಾರ. ನಾನು ಸೋಫಾದ ಮೇಲೆ ಮಲಗ್ತಿದೀನಿ."

"ವರ್ನೀಟಾ, ಈಗ ಕೇಕ್ ಹಂಚ್ತಾರೆ..." ಎಂದರು ಪಾಸ್ಟರು.

"ಆ ಕಡೆ ತಿರುಗಿ ತಿನ್ನಿ."

ಮಾಮ ದನಿ ತಗ್ಗಿಸಿದ. "ಕತ್ತರಿಸ್ತಾರೆ ಕಣೇ. ಅಣ್ಣಂದು ನೋಡಿದ್ರು, ಕತ್ತರಿಸಿದ್ರು."

"ತಡವಾಗಿ ನೋಡಿದ್ರು, ಅದಕ್ಕೆ ಕತ್ತರಿಸಿದ್ರು. ಇವತ್ತು ಹೋದ್ರೆ ಬೆರಳು ಹೋಗಬಹುದು. ಮುಂದಿನ ವಾರ ಹೋದ್ರೆ ನಿನ್ನನ್ನೂ ಅಮ್ಮನ ಪಕ್ಕ ಮಲಗಿಸ್ಬೇಕಾಗುತ್ತೆ."

ಅವನು ಬಾಗಿಲ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಕೊನೆಗೆ ಬಲಗಾಲನ್ನು, ಯಾರದೋ ಕದ್ದ ಮಾಲನ್ನು ವಾಪಸು ಕೊಡುವವನಂತೆ, ಮುಂದಕ್ಕೆ ಚಾಚಿದ.

ವರ್ನೀಟಾ ಮೊಣಕಾಲೂರಿ, ಬಾಯಲ್ಲೇ ಉಸಿರಾಡುತ್ತ ದಾರ ಬಿಚ್ಚಿದಳು. ಷೂ ಕದಲಲಿಲ್ಲ. ಹಿಮ್ಮಡಿ ಹಿಡಿದು ಎಳೆದಾಗ ಕೆಸರಿನಿಂದ ಕಾಲು ಕಿತ್ತ ಸದ್ದಾಯಿತು. ಕಾಲುಚೀಲದ ಮುಂಭಾಗ ಹಳದಿ, ಕಂದು, ಹಸಿರು. ಹ್ಯಾಟಿ ಕಾರಿನ ಕೀಲಿ ಹುಡುಕತೊಡಗಿದಳು.

ಷೂವಿನ ತುದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ವರ್ನೀಟಾ ಅದನ್ನು ಬೋರಲು ಹಾಕಿ ಕುಟ್ಟಿದಳು. ಅಂಗಡಿಯವರು ಆಕಾರ ಕೆಡದಿರಲೆಂದು ತುರುಕುವ ಕಾಗದದ ಉಂಡೆ ನೆಲಕ್ಕೆ ಬಿತ್ತು. ಒದ್ದೆಯಾಗಿ, ಚಪ್ಪಟೆಯಾಗಿ, ಐದೂ ಬೆರಳ ಅಚ್ಚು ಹೊತ್ತಿತ್ತು. ಬೆಳಗಿನಿಂದ ಅವನು ಅದರ ಮೇಲೆಯೇ ನಡೆದಿದ್ದ. ಪೆಟ್ಟಿಗೆ ಹೊತ್ತದ್ದೂ ಅದರ ಮೇಲೆಯೇ.

ಕ್ಲೀಫಸ್ ಬಗ್ಗಿ ಅದನ್ನು ನೋಡಿದ. ಆಮೇಲೆ ಪಕ್ಕದ ಕುರ್ಚಿಯವನ ಷೂಗಳನ್ನು ನೋಡಿದ. "ತೋರ್ಸೋ," ಎಂದ.